ಬಾಗಿಲು ತೆರೆಯದ ದಿನಗಳು

ಹಕ್ಕಿಗಳಲ್ಲಿ ನನಗೆ ಗೊತ್ತಿದ್ದದ್ದು ಕೋಳಿ ಒಂದೇ. ಆನೆಗೊಂದಿಯ ದನದ ದವಾಖಾನೆಯಲ್ಲಿ ವೈದ್ಯನಾಗಿದ್ದ ನಾನು ಎಮ್ಮೆಯ ಹೊಟ್ಟೆಯಲ್ಲಿ ಅಡ್ಡಬಿದ್ದ ಕರುವನ್ನು ತಿರುಗಿಸಿ ಹೊರಗೆ ತೆಗೆದವನು, ಕೊಕ್ಕರೆ ರೋಗ ಬಂದಾಗ ಹಳ್ಳಿ ಹಳ್ಳಿ ತಿರುಗಿ ಕೋಳಿಗಳಿಗೆ ಸೂಜಿ ಹಾಕಿದವನು. ಗಿಣಿಯ ಮೈ ಮುಟ್ಟಿದವನಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕೊಪ್ಪಳ, ಗಂಗಾವತಿ ಎಲ್ಲ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದವು. ಒಂದು ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಸಾಹೇಬರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ ಬಿದಿರು ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಡಾಕ್ಟರ್ ಸಾಬ್, ಗಂಗಾವತ್ಯಾಗ ಹೈದರಾಬಾದ್ ಬಸ್ಸಿನ ಮ್ಯಾಲೆ ಸಿಕ್ಕಾವ್ರಿ. ಪಹಾಡಿ ತೋತಾ, ಗುಡ್ಡದ ಗಿಣಿ. ಅರ್ಧ ಸತ್ತು ಹೋಗ್ಯಾವ. ಉಳದವನ್ನಾದ್ರೂ ಉಳಸ್ರಿ."

"ನಾ ದನದ ಡಾಕ್ಟರ್ ಅದೀನಿ, ಸಾಹೇಬ್ರ."

"ದನಾನೂ ಜೀವ, ಇದೂ ಜೀವ. ಫರಕ್ ಏನೈತ್ರಿ?"

ಫರಕು ಏನು ಎಂದು ತಿಳಿಯಲು ನನಗೆ ಮುಂದೆ ಒಂದೂವರೆ ವರ್ಷ ಬೇಕಾಯಿತು.

ಬುಟ್ಟಿಯಲ್ಲಿದ್ದವು ಭತ್ತದ ಗದ್ದೆಯ ಮೇಲೆ ಗುಂಪಾಗಿ ಎರಗುವ ಸಾಮಾನ್ಯ ಗಿಣಿಗಳಲ್ಲ. ಅವಕ್ಕಿಂತ ಬಹಳ ದೊಡ್ಡವು. ರೆಕ್ಕೆಯ ಹೆಗಲ ಮೇಲೆ ಕೆಂಪು ಮಚ್ಚೆ, ಅಡಕೊತ್ತಿನಂಥ ಕೊಕ್ಕು. ನಮ್ಮ ಕಡೆ ಇವಕ್ಕೆ ದೊಡ್ಡ ಗಿಣಿ ಎಂದಷ್ಟೇ ಹೆಸರು. ಚೆನ್ನಾಗಿ ಮಾತು ಕಲಿಯುತ್ತವೆ ಎಂದು ಪಟ್ಟಣಗಳಲ್ಲಿ ಇವಕ್ಕೆ ಗಿರಾಕಿ. ಹಿಡಿಯುವವರು ದೊಡ್ಡ ಹಕ್ಕಿಯ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ, ಮರದ ಪೊಟರೆಯ ಬಾಯನ್ನು ಕೊಡಲಿಯಿಂದ ಅಗಲ ಮಾಡಿ ಮರಿಗಳನ್ನು ತೆಗೆಯುತ್ತಾರೆ. ಬಾಯಿ ಅಗಲವಾದ ಪೊಟರೆಗೆ ಮರುವರ್ಷ ಗಿಣಿ ಬರುವುದಿಲ್ಲ. ಗಾರ್ಡ್ ಸಾಹೇಬರು ನನ್ನನ್ನು ಬಂಡೆಗಳ ಬೆಟ್ಟ ಹತ್ತಿಸಿ ಅಂಥ ಮರಗಳನ್ನು ತೋರಿಸಿದರು. ಎಲ್ಲದರ ಬಾಯಿಯೂ ಸೀಳಿತ್ತು. ಬೆಟ್ಟ ಇಳಿದ ಮೇಲೆ, ದವಾಖಾನೆಗೆ ಹತ್ತಿರ ಹೊಳೆಯ ಕಡೆಗಿದ್ದ ಒಂದು ಹಳೆಯ ಬಸರಿ ಮರಕ್ಕೆ ಸಂಜೆ ಹೊತ್ತು ಏಳೆಂಟು ದೊಡ್ಡ ಗಿಣಿಗಳು ಬಂದು ಕೂತವು. ಎಲ್ಲ ವಯಸ್ಸಾದವು, ಮರಿ ಒಂದೂ ಇರಲಿಲ್ಲ.

"ನಾ ಸಣ್ಣಾಂವ ಇದ್ದಾಗ ಈ ಮರ ಕಾಣತಿದ್ದಿಲ್ರಿ, ಗಿಣಿ ಕಾಣತಿದ್ವು," ಎಂದರು ಅವರು. "ಇವು ಮುದುಕಾಗಿ ಸತ್ತ ಮ್ಯಾಲೆ ಮುಗೀತು."

ಬುಟ್ಟಿಯಲ್ಲಿ ಬದುಕಿದ್ದವು ಆರು, ಮರಿಗಳಲ್ಲ, ಬಲೆಗೆ ಬಿದ್ದ ಬೆಳೆದ ಹಕ್ಕಿಗಳೇ. ಮುರಿದ ಗರಿ, ನೀರಿಲ್ಲದೆ ಒಣಗಿದ ನಾಲಿಗೆ. ಬೆಲ್ಲ ಉಪ್ಪಿನ ನೀರು ಕುಡಿಸಿ, ನೆನೆಸಿದ ಕಡಲೆ ತಿನ್ನಿಸಿ ಎರಡು ವಾರದಲ್ಲಿ ಎದ್ದು ಕೂರುವ ಹಾಗೆ ಮಾಡಿದೆವು. ಅದೇ ವಾರ ಏಳನೆಯದೂ ಬಂತು. ಅದು ಬುಟ್ಟಿಯದಲ್ಲ. ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಹಾದಿಯಲ್ಲಿ ಗಿಣಿಶಾಸ್ತ್ರ ಹೇಳುತ್ತಿದ್ದ ಹೆಂಗಸೊಬ್ಬಳ ಪಂಜರದಿಂದ ಇಲಾಖೆಯವರು ವಶಪಡಿಸಿಕೊಂಡದ್ದು. ಕಾಡು ಹಕ್ಕಿ ಸಾಕಬಾರದೆಂಬ ಕಾಯ್ದೆ ಬಂದು ವರ್ಷಗಳಾಗಿದ್ದರೂ ಆ ವಾರ ಮೇಲಿನಿಂದ ಬಿಗಿ ಹುಕುಂ ಬಂದಿತ್ತಂತೆ. "ಆಕಿ ಭಾಳ ಅತ್ತಳ್ರಿ," ಎಂದು ಗಾರ್ಡ್ ಸಾಹೇಬರು ನೆಲ ನೋಡುತ್ತ ಹೇಳಿದರು. ಅವರೇ ಅದಕ್ಕೆ ಚೀಟಿ ಎಂದು ಹೆಸರಿಟ್ಟರು. ಅದರ ಒಂದು ರೆಕ್ಕೆಯ ತುದಿಯನ್ನು ಯಾವನೋ ಮೂಳೆ ಸಮೇತ ಕತ್ತರಿಸಿದ್ದ. ಅದು ಜನ್ಮದಲ್ಲಿ ಹಾರುವಂತಿರಲಿಲ್ಲ.

ಜಿಲ್ಲೆಯಿಂದ ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ನೋಡಿದರು. ಹೊಸ ಹೊಸದಕ್ಕೆ ಕೈಹಾಕುವ ಉತ್ಸಾಹಿ ಅಧಿಕಾರಿ. ಹಕ್ಕಿಗಳನ್ನು ಹಾಗೇ ಬಿಟ್ಟರೆ ಮತ್ತೆ ಬುಟ್ಟಿ ಸೇರುತ್ತವೆ, ಇಲ್ಲೇ ಸಾಕಿ ಮರಿ ಮಾಡಿಸಿ ಬೆಟ್ಟಕ್ಕೆ ಬಿಡೋಣ ಎಂದವರು ಅವರೇ.

"ಎರಡು ಹಂಗಾಮು ನೋಡೋಣ ಡಾಕ್ಟ್ರೇ. ಒಂದೇ ಒಂದು ಮರಿ ತೋರಿಸಿ, ಮುಂದುವರಿಸೋಣ. ಇಲ್ಲದಿದ್ರೆ ಎಲ್ಲವನ್ನೂ ಮೃಗಾಲಯಕ್ಕೆ ಕಳಿಸಿಬಿಡ್ತೀನಿ."

ಮೃಗಾಲಯಕ್ಕೆ ಹೋದ ಗಿಣಿ ಬಸರಿ ಮರಕ್ಕೆ ಮರಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಗಾರ್ಡ್ ಸಾಹೇಬರಿಗೂ ಗೊತ್ತಿತ್ತು. ಒಪ್ಪಿಕೊಂಡೆ.

ದವಾಖಾನೆಯ ಹಿಂದೆ ಇಲಾಖೆಯ ಸಸಿಮಡಿಯ ಹಳೆಯ ಜಾಲರಿ ಮನೆ ಇತ್ತು. ಅದನ್ನು ಮೂರು ಪಾಲು ಮಾಡಿ ಪ್ರತಿ ಪಾಲಿಗೂ ಮುಂದೆ ಒಂದು ಸಣ್ಣ ಜಾಲರಿ ಪಡಸಾಲೆ ಕೂಡಿಸಿದೆವು. ಹೊರಗಿನ ಬಾಗಿಲು ಹಾಕಿಕೊಂಡು ಪಡಸಾಲೆಯಲ್ಲಿ ನಿಂತು, ಆಮೇಲೆ ಒಳಗಿನ ಬಾಗಿಲು ಎತ್ತಬೇಕು. ಆಗ ಹಕ್ಕಿ ತಪ್ಪಿಸಿಕೊಂಡರೂ ಪಡಸಾಲೆಗಷ್ಟೇ ಬರುತ್ತದೆ. ಒಳಬಾಗಿಲನ್ನು ಗಾರ್ಡ್ ಸಾಹೇಬರು ತಗಡಿನಿಂದ ಮಾಡಿದರು, ಹಗ್ಗ ಎಳೆದರೆ ಕರ್ರೆಂದು ಮೇಲಕ್ಕೆ ಏರುವಂಥದ್ದು. ಗೂಡಿಗೆ ಪೊಳ್ಳು ಬೇವಿನ ದಿಮ್ಮಿಗಳನ್ನು ಹಿಂದಿನ ಜಾಲರಿಗೆ ಆನಿಸಿ ಕಟ್ಟಿದೆವು.

ಜೋಡಿ ಕೂಡಿಸುವುದು ಇನ್ನೊಂದು ಪಡಿಪಾಟಲು. ಗಂಡಿಗೆ ಕೊರಳಲ್ಲಿ ಕಪ್ಪು, ಗುಲಾಬಿ ಬಣ್ಣಗಳ ಪಟ್ಟಿ ಇರುತ್ತದೆ, ಆದರೆ ಮೂರನೆಯ ವರ್ಷದವರೆಗೆ ಮೂಡುವುದಿಲ್ಲ. ಪಟ್ಟಿ ಇಲ್ಲದ್ದು ಹೆಣ್ಣೂ ಆಗಿರಬಹುದು, ಮೀಸೆ ಮೂಡದ ಹುಡುಗನೂ ಆಗಿರಬಹುದು. ನಾನು ಗಂಡು ಹೆಣ್ಣೆಂದು ಕೂಡಿಸಿದ ಒಂದು ಜೋಡಿ ಮೂರೇ ದಿನದಲ್ಲಿ ರಕ್ತ ಬರುವ ಹಾಗೆ ಕಚ್ಚಾಡಿತು. ಇನ್ನೊಂದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಆ ಮೂಲೆಗೊಂದು ಈ ಮೂಲೆಗೊಂದು ಕೂತಿತು. ಕೂಡಿಕೊಂಡದ್ದು ಒಂದೇ ಜೋಡಿ: ಚೀಟಿ, ಮತ್ತು ಬುಟ್ಟಿಯಲ್ಲಿ ಬಂದ, ಒಂದು ಬೆರಳು ಇಲ್ಲದ ಗಂಡು. ಅವನು ತಲೆ ಆಡಿಸಿ ಆಡಿಸಿ ಅವಳ ಬಾಯಿಗೆ ಗುಟುಕು ಕೊಡತೊಡಗಿದಾಗ ಗಾರ್ಡ್ ಸಾಹೇಬರು, "ನಿಕಾ ಆತ್ರಿ," ಎಂದು ನಕ್ಕರು.

ಚಳಿಗಾಲ ಹಿಡಿಯುವ ಹೊತ್ತಿಗೆ ಮೂರು ಮೊಟ್ಟೆಗಳು ಬಂದವು. ಅಲ್ಲಿಂದ ನನ್ನ ಶಿಸ್ತು ಶುರುವಾಯಿತು.

ನಾನು ದಾಖಲೆಯ ಮನುಷ್ಯ. ನನ್ನ ಹೆಂಡತಿ ನನ್ನನ್ನು 'ರಿಜಿಸ್ಟರ್ ಡಾಕ್ಟರು' ಎಂದು ಕರೆಯುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಉದ್ದನೆಯ ಪುಸ್ತಕಕ್ಕೆ ಗೆರೆ ಹಾಕಿ ಹೊತ್ತು, ಉಷ್ಣತೆ, ಮೊಟ್ಟೆಯ ಸ್ಥಿತಿ, ತಾಯಿಯ ನಡವಳಿಕೆ, ತಾಯಿ ಹೊರಗಿದ್ದ ಅವಧಿ, ಷರಾ ಎಂದು ಕಾಲಂ ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ತಪಾಸಣೆ. ಒಳಬಾಗಿಲು ಎತ್ತಿ, ದಿಮ್ಮಿಯೊಳಗೆ ಉಷ್ಣಮಾಪಕ ಇಟ್ಟು, ಅದು ಏರುವವರೆಗೆ ಪಡಸಾಲೆಯ ಸ್ಟೂಲಿನ ಮೇಲೆ ಕೂತು ಬರೆಯುವುದು. ಕೋಳಿಮನೆಗೆ ಗಾಳಿ ಆಡಬೇಕು ಎಂದು ಓದಿದ್ದೆನಲ್ಲ, ಬರೆದು ಮುಗಿದ ಮೇಲೂ ಬಾಗಿಲನ್ನು ಹಾಗೇ ಎತ್ತಿಟ್ಟು ಅರ್ಧ ಗಂಟೆ ಕೂರುತ್ತಿದ್ದೆ.

ಚೀಟಿಯಂಥ ಸುಶೀಲೆಯನ್ನು ನಾನು ಕಂಡಿರಲಿಲ್ಲ. ಕಾವಿಗೆ ಕೂತ ಕೋಳಿ ಕೈಹಾಕಿದರೆ ಕುಕ್ಕಿ ರಕ್ತ ತೆಗೆಯುತ್ತದೆ. ಇದು ಬಾಗಿಲು ಎತ್ತಿದ ಕೂಡಲೇ ತಾನಾಗಿ ಮೊಟ್ಟೆ ಬಿಟ್ಟು ಎದ್ದು ದಿಮ್ಮಿಯಿಂದ ಇಳಿದು, ಗಂಭೀರವಾಗಿ ನಡೆದು ಪಡಸಾಲೆಗೆ ಬರುತ್ತಿತ್ತು. ನೆಲದ ಮೇಲಿನ ಒಂದು ಚಕ್ಕೆಯನ್ನೋ ಹೊಟ್ಟನ್ನೋ ಕೊಕ್ಕಿನಲ್ಲಿ ಎತ್ತಿ ನನ್ನ ಚಪ್ಪಲಿಯ ಮುಂದೆ ಇಟ್ಟು, ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತ ನಿಲ್ಲುತ್ತಿತ್ತು. ಕೊನೆಗೆ ನಾನೇ ಕೈಯಿಂದ ಒಳಗೆ ಸರಿಸಿ ಬಾಗಿಲು ಇಳಿಸುವವರೆಗೂ ಅಲ್ಲೇ. ಗಂಡು ಮೇಲಿನ ಮೂಲೆಯಲ್ಲಿ ಜಾಲರಿಗೆ ಜೋತುಬಿದ್ದು ಕಿರುಚುತ್ತಿದ್ದ. ಅವನನ್ನು ನಾನು ಕಾಡುಪ್ರಾಣಿ ಎಂದು ಬೈದೆ. ನಡವಳಿಕೆಯ ಕಾಲಂನಲ್ಲಿ ಪ್ರತಿದಿನ ಬರೆದೆ: ತಾಯಿ ಹಕ್ಕಿ ತಪಾಸಣೆಗೆ ಉತ್ತಮವಾಗಿ ಸಹಕರಿಸುತ್ತಿದೆ.

ಎಂಟನೆಯ ದಿನ ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಎಳೆಗಳು ಜೇಡರ ಬಲೆಯಂತೆ ಹರಡಿದ್ದವು. ಮೂರಕ್ಕೆ ಮೂರೂ ಜೀವಂತ. ದೊಡ್ಡ ಸಾಹೇಬರಿಗೆ ಕಾಗದ ಬರೆದೆ. ಹದಿನಾಲ್ಕನೆಯ ದಿನ ಎಳೆಗಳು ಮಸುಕಾಗಿದ್ದವು. ಇಪ್ಪತ್ತನೆಯ ದಿನ ಮೊಟ್ಟೆ ಅಲುಗಿಸಿದರೆ ಒಳಗೆ ನೀರು ತುಳುಕಿತು. ಒಡೆದು ನೋಡಿದರೆ ಕಾಳಿನಷ್ಟು ಮರಿಗಳು, ಮೂರೂ ಸತ್ತಿದ್ದವು.

ಗಾರ್ಡ್ ಸಾಹೇಬರು ಅವನ್ನು ಹುಣಸೆ ಮರದ ಕೆಳಗೆ ಮಣ್ಣು ಮಾಡಿದರು. ನಾನು ಕಾರಣ ಹುಡುಕಿದೆ. ದಿಮ್ಮಿಯೊಳಗೆ ಹಾಸಿದ್ದದ್ದು ಶ್ರೀರಾಮನಗರದ ರೈಸ್ ಮಿಲ್ಲಿನ ಭತ್ತದ ಹೊಟ್ಟು. ನಮ್ಮ ಕಡೆ ಮೊಟ್ಟೆ ಸಾಗಿಸಲು ಹೊಟ್ಟು, ಕೋಳಿಮರಿಗೆ ಹೊಟ್ಟು, ಮಂಜುಗಡ್ಡೆ ಮುಚ್ಚಲು ಹೊಟ್ಟು. ಕೋಳಿಗೆ ಆದದ್ದು ಗಿಣಿಗೆ ಯಾಕಾಗಬಾರದು ಎಂದುಕೊಂಡಿದ್ದೆ. ಹೊಟ್ಟು ತೇವ ಹೀರಿ ಮೊಟ್ಟೆ ಒಣಗಿರಬೇಕೆಂದು ತೀರ್ಮಾನಿಸಿ, ಅದನ್ನೆಲ್ಲ ಬಾಚಿ ತೆಗೆದು ಕೊಳೆತು ಲಡ್ಡಾದ ಮರದ ಪುಡಿ ಹಾಕಿದೆ. ಹಕ್ಕಿಗಳಿಗೆ ಅದು ಮೆಚ್ಚಿಗೆಯಾಯಿತು. ಅದೇ ಹಂಗಾಮಿನಲ್ಲಿ ಎರಡನೆಯ ಸಲ ಎರಡು ಮೊಟ್ಟೆ ಬಂದವು. ಈ ಸಲ ತಪ್ಪು ನುಸುಳಬಾರದೆಂದು ಮೂರು ಹೊತ್ತಿನ ತಪಾಸಣೆಯನ್ನು ಐದಕ್ಕೆ ಏರಿಸಿದೆ. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳಿ ಔಷಧ ಕೊಡುವವನು ನಾನು. ಆ ಎರಡೂ ಹನ್ನೆರಡೇ ದಿನಕ್ಕೆ ಸತ್ತವು. ಬಿಸಿಲನ್ನು ದೂರಿ ರಿಜಿಸ್ಟರ್ ಮುಚ್ಚಿದೆ.

ಆ ಬೇಸಿಗೆಯಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ದಿನವೂ ಬಸರಿ ಮರ ದಾಟಿಯೇ ದವಾಖಾನೆಗೆ ಹೋಗಬೇಕು. ಮಳೆ ಬರುವಷ್ಟರಲ್ಲಿ ಏಳೆಂಟು ಇದ್ದ ಗಿಣಿಗಳಲ್ಲಿ ಐದು ಮಾತ್ರ ಬರುತ್ತಿದ್ದವು.

ಎರಡನೆಯ ಹಂಗಾಮು ಬಂತು. ಚೀಟಿ ಮತ್ತೆ ಮೂರು ಮೊಟ್ಟೆ ಇಟ್ಟಿತು. ಐದೋ ಆರೋ ದಿನವಾಗಿತ್ತು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ನಾನು ಹೊರಬಾಗಿಲಿಗೆ ಕೈಹಾಕುವಾಗ ಹಿಂದಿನಿಂದ ಹೆಣ್ಣು ದನಿಯೊಂದು ಕೇಳಿತು.

"ಯಪ್ಪಾ, ನನ್ನ ಗಿಣಿ ಇಲ್ಲೇ ಐತಂತ?"

ಐವತ್ತು ದಾಟಿದ ಹೆಂಗಸು, ಇಳಕಲ್ ಸೀರೆ, ಹೆಗಲಲ್ಲಿ ಜೋಳಿಗೆ. ಹುಲಿಗಿಯಿಂದ ಬಂದ ಗಿಣಿಶಾಸ್ತ್ರದಾಕೆ ಎಂದು ಗಾರ್ಡ್ ಸಾಹೇಬರು ಗುರುತು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಗಿಣಿ ಹೋದ ಮೇಲೆ ಕೈ ನೋಡಿ ಹೇಳಿ ಹೊಟ್ಟೆ ಹೊರೆಯುತ್ತಿದ್ದಳಂತೆ.

"ಅದನ್ನ ಕೊಡಾಕ ಬರಂಗಿಲ್ಲಬೇ. ಕಾಯ್ದೆ ಐತಿ," ಎಂದೆ.

"ಕೊಡಂತ ಯಾರು ಕೇಳ್ಯಾರ? ನೋಡಾಕ ಬಂದೀನಿ. ಸತ್ತೈತೋ ಬದುಕೈತೋ ಅಂತ ಮನಸ್ಸು ತಡೀಲಿಲ್ಲ."

ಸಾಕಿದವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಲು ಮನಸ್ಸು ಬರಲಿಲ್ಲ. ಹೇಗಿದ್ದರೂ ತಪಾಸಣೆಯ ಹೊತ್ತು. ಅವಳನ್ನೂ ಪಡಸಾಲೆಗೆ ಕರೆದುಕೊಂಡು, ನನ್ನ ಹಕ್ಕಿ ಎಷ್ಟು ವಿಧೇಯ ಎಂದು ತೋರಿಸುವ ಹೆಮ್ಮೆಯಿಂದಲೇ ಹಗ್ಗ ಎಳೆದೆ. ಬಾಗಿಲು ಕರ್ರೆಂದಿತು. ಚೀಟಿ ಮೊಟ್ಟೆ ಬಿಟ್ಟು ಎದ್ದು ಇಳಿದು ಬಂದು, ಒಂದು ಚಕ್ಕೆ ಎತ್ತಿ ನನ್ನ ಚಪ್ಪಲಿಯ ಮುಂದೆ ಇಟ್ಟಿತು. ಅವಳು ಪಕ್ಕದಲ್ಲೇ ನಿಂತಿದ್ದರೂ ನನ್ನನ್ನೇ ನೋಡಿತು. ನಾನು ಸ್ಟೂಲಿನ ಮೇಲೆ ಕೂತು ರಿಜಿಸ್ಟರ್ ಬಿಚ್ಚಿದೆ.

ಆಕೆ ಹಕ್ಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಆಮೇಲೆ, "ಅದಕ್ಕ ಕಾಳು ಕೊಡ್ರೀ," ಎಂದಳು.

"ಈಗ ಯಾಕ? ಮುಂಜಾನೆನ ತಿಂದೈತಿ."

"ಅಯ್ಯ, ನಿಮಗ ಚೀಟಿ ತಗದು ಕೊಟ್ಟೈತಲ್ರಿ! ಕಾಳು ಕೊಡದ ಅದು ಒಳಗ ಹೆಂಗ ಹೋಗಬೇಕು?"

ಅವಳೇ ಜೋಳಿಗೆಯಿಂದ ಒಂದು ಭತ್ತದ ಕಾಳು ತೆಗೆದು ಎರಡು ಬೆರಳಲ್ಲಿ ಹಿಡಿದಳು. ಚೀಟಿ ಅದನ್ನು ಸುಲಿದು ತಿಂದಿತು. ಆಕೆ ಬಾಗಿಲ ಚೌಕಟ್ಟಿಗೆ ಉಂಗುರದ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದಳು. ಹಕ್ಕಿ ತಿರುಗಿ ಸರಸರ ಒಳಗೆ ನಡೆದು ದಿಮ್ಮಿಯನ್ನು ಹೊಕ್ಕಿತು. ಒಂದೂವರೆ ವರ್ಷದಲ್ಲಿ ಬಾಗಿಲು ಎತ್ತಿದ್ದಾಗ ಅದು ತಾನಾಗಿ ಒಳಗೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಕದ ತಗದ್ರ ಗಿರಾಕಿ ಬಂದಾನ ಅಂತ ಅದಕ್ಕ ನಾನ ಕಲಿಸೀನ್ರೀ," ಎಂದಳು. "ಹೊರಗ ಬರಬೇಕು, ಒಂದು ಚೀಟಿ ತಗೀಬೇಕು, ಕಾಳು ತಿನ್ನಬೇಕು, ಬಡದ್ರ ಒಳಗ ಹೋಗಬೇಕು. ಅದು ತನ್ನ ಕೆಲಸ ತಾ ಮಾಡೇತಿ. ನೀವು ಬರಕೋತ ಕುಂತ್ರಿ. ದಿನಾ ಹಿಂಗ ಎಷ್ಟೊತ್ತು ನಿಲ್ಲಸ್ತೀರಿ ಅದನ್ನ?"

ಉತ್ತರ ನನ್ನ ತೊಡೆಯ ಮೇಲೇ ಇತ್ತು. ಹಿಂದಿನ ವರ್ಷದ ಹಾಳೆಗಳನ್ನು ತಿರುವಿದೆ. ತಾಯಿ ಹೊರಗಿದ್ದ ಅವಧಿ: ನಲವತ್ತು ನಿಮಿಷ, ನಲವತ್ತೈದು, ಐವತ್ತು. ದಿನಕ್ಕೆ ಮೂರು ಸಲ. ಎರಡನೆಯ ಸಲದ ಮೊಟ್ಟೆಗಳಿಗೆ ದಿನಕ್ಕೆ ಐದು ಸಲ. ಅಷ್ಟು ಹೊತ್ತೂ ಮೊಟ್ಟೆಗಳು ಆರುತ್ತಿದ್ದವು, ಅದು ನನ್ನ ಎದುರು ನಿಂತು ಒಂದು ಕಾಳಿಗೆ ಕಾಯುತ್ತಿತ್ತು. ಹೊಟ್ಟಲ್ಲ, ಬಿಸಿಲಲ್ಲ. ಐದು ಮರಿಗಳನ್ನು ಕೊಂದವನು ನಾನು, ಕೊಂದದ್ದಕ್ಕೆ ದುಂಡು ಅಕ್ಷರದಲ್ಲಿ ದಾಖಲೆಯನ್ನೂ ಇಟ್ಟಿದ್ದೆ.

ಗಾರ್ಡ್ ಸಾಹೇಬರು, "ಇನ್ನ ಮ್ಯಾಲೆ ಕಾಳು ಕೊಟ್ಟು ಬಡದ್ರಾತು ಬಿಡ್ರಿ ಸಾಬ್," ಎಂದರು. ನಾನೂ ಅದಕ್ಕೆ ತಲೆಯಾಡಿಸುವವನೇ ಇದ್ದೆ. ಉಷ್ಣತೆ ನೋಡದೆ, ಬೆಳಕಿಗೆ ಹಿಡಿಯದೆ ಮೊಟ್ಟೆ ಬದುಕಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದೆ.

ಆಕೆ ನನ್ನ ಮುಖ ನೋಡಿದಳು. "ಹೊಟ್ಟ್ಯಾಗ ಕೂಸು ಬೆಳಿಯಾಕತ್ತೈತೋ ಇಲ್ಲೋ ಅಂತ ದಿನಾ ಹೊಟ್ಟಿ ಸೀಳಿ ನೋಡ್ತಾರೇನ್ರೀ ಯಪ್ಪಾ?"

ಆ ಬೆಳಿಗ್ಗೆಯೇ ತೀರ್ಮಾನ ಮಾಡಿದೆ. ತಗಡಿನ ಬಾಗಿಲನ್ನು ತಂತಿಯಿಂದ ಬಿಗಿದು ಕಟ್ಟಿದೆವು. ಗಂಟು ನಾನೇ ಹಾಕಿದೆ, ಯಾಕೆಂದರೆ ಬಿಚ್ಚುವ ಚಪಲ ಹುಟ್ಟುವುದೂ ನನಗೇ. ಗಾರ್ಡ್ ಸಾಹೇಬರು ಉದ್ದನೆಯ ಬಿದಿರಿನ ಗಿಣ್ಣು ಕೊರೆದು ಕೊಳವೆ ಮಾಡಿದರು. ಅದರಲ್ಲಿ ನೆನೆಸಿದ ಕಡಲೆ, ಹಸಿ ಮೆಕ್ಕೆಜೋಳ, ಪೇರಲದ ಹೋಳು ಹೊರಗಿನಿಂದಲೇ ಜಾರಿಬಿಡುವುದು. ನೀರಿನ ತಟ್ಟೆಯನ್ನು ಜಾಲರಿಯ ಕೆಳಗಿನ ಸಂದಿಯಲ್ಲಿ ನೂಕುವುದು. ಕಸ ಬಳಿಯುವುದೂ ಇಲ್ಲ, ಪಡಸಾಲೆಗೆ ಕಾಲಿಡುವುದೂ ಇಲ್ಲ. ಒಳಗೆ ಏನಾಗುತ್ತಿದೆ ಎಂದು ನಮಗೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ರಿಜಿಸ್ಟರಿನಲ್ಲಿ ಏನು ಬರೆಯುವುದು? ಖಾಲಿ ಬಿಡಲು ಕೈ ಬರಲಿಲ್ಲ. ಎಲ್ಲ ಕಾಲಂಗಳ ಮೇಲೂ ಅಡ್ಡಗೆರೆ ಎಳೆದು ಷರಾದಲ್ಲಿ ಒಂದು ಸಾಲು ಬರೆದೆ: ಈ ದಿನ ಬಾಗಿಲು ತೆರೆಯಲಿಲ್ಲ. ಕೆಳಗೆ ಸಹಿ. ಮರುದಿನವೂ ಅದೇ ಸಾಲು, ಅದರ ಮರುದಿನವೂ ಅದೇ. ಎಮ್ಮೆಗೆ ಸೂಜಿ ಹಾಕುವಾಗಲೂ ಮನಸ್ಸು ದಿಮ್ಮಿಯೊಳಗೇ ಇರುತ್ತಿತ್ತು. ಎಷ್ಟೋ ಸಲ ಹೊರಬಾಗಿಲಿನವರೆಗೆ ಹೋಗಿ ತಂತಿಯ ಗಂಟು ನೋಡಿ ವಾಪಸು ಬಂದಿದ್ದೇನೆ.

ಮೊಟ್ಟೆ ಇಟ್ಟ ಹದಿನೆಂಟನೆಯ ದಿನವಿರಬೇಕು, ಜೀಪು ಬಂತು. ದೊಡ್ಡ ಸಾಹೇಬರ ಜೊತೆ ರಾಜಧಾನಿಯಿಂದ ಬಂದ ಇಬ್ಬರು ಮೇಲಧಿಕಾರಿಗಳಿದ್ದರು. ಹಿಂದಿನ ವರ್ಷ ನಾನೇ ಬರೆದ ಹುರುಪಿನ ಕಾಗದವನ್ನು ನಂಬಿ ದೊಡ್ಡ ಸಾಹೇಬರು ಎಲ್ಲರಿಗೂ ಹೇಳಿಕೊಂಡಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದರು, ದಾರ ಕೊಟ್ಟವನು ನಾನೇ.

"ಬಾಗಿಲು ತೆಗೀರಿ ಡಾಕ್ಟ್ರೇ. ಸಾಹೇಬರು ಮೊಟ್ಟೆ ನೋಡಬೇಕಂತೆ."

"ತೆಗೆಯೋದಿಲ್ಲ ಸರ್."

ಗಾರ್ಡ್ ಸಾಹೇಬರು ಕೆಮ್ಮಿದರು. ನಾನು ಚೀಟಿಯ ಅಭ್ಯಾಸವನ್ನು ವಿವರಿಸಿದೆ. ಗಿಣಿಶಾಸ್ತ್ರ ಎಂಬ ಮಾತು ಬಂದೊಡನೆ ಅತಿಥಿಗಳಲ್ಲಿ ಒಬ್ಬರು ನಕ್ಕರು. ದೊಡ್ಡ ಸಾಹೇಬರು ರಿಜಿಸ್ಟರ್ ತರಿಸಿ ನೋಡಿದರು. ಒಂದೇ ಸಾಲು, ಹಾಳೆಯ ಮೇಲಿಂದ ಕೆಳಗಿನವರೆಗೆ.

"ಏನ್ರೀ ಇದು? ಮೊಟ್ಟೆ ಬದುಕಿದಾವಾ, ಇಲ್ವಾ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂತ ನಾನು ಮೇಲೆ ಬರೆಯೋಕಾಗುತ್ತಾ?"

"ಹೋದ ವರ್ಷ ದಿನಾ ಗೊತ್ತಿತ್ತು ಸರ್. ಐದೂ ಸತ್ತವು."

ಅವರ ಮುಖ ಕೆಂಪಾಯಿತು. ಅತಿಥಿಗಳ ಎದುರು ಅವರಿಗೆ ಅವಮಾನವಾಗಿತ್ತು, ಅದು ನನಗೆ ಅರ್ಥವಾಗುತ್ತಿತ್ತು. ತಂತಿ ಬಿಚ್ಚಲು ಗಾರ್ಡ್ ಸಾಹೇಬರಿಗೆ ಹೇಳಿದರು. ಬಡ ನೌಕರ, ಪಾಪ, ಅವರು ನನ್ನನ್ನೊಮ್ಮೆ ದೊಡ್ಡ ಸಾಹೇಬರನ್ನೊಮ್ಮೆ ನೋಡಿದರು. ಕೊನೆಗೆ, "ಹುಜೂರ್, ಕಟಿಂಗ್ ಪ್ಲೇಯರ್ ಮನ್ಯಾಗ ಐತ್ರಿ. ಮನಿ ಹೊಳಿ ಆಚೆ ಐತ್ರಿ," ಎಂದರು. ಪ್ಲೇಯರು ಅವರ ಖಾಕಿ ಚೀಲದಿಂದ ಇಣುಕುತ್ತಿದ್ದುದು ನನಗೆ ಕಾಣುತ್ತಿತ್ತು. ದೊಡ್ಡ ಸಾಹೇಬರಿಗೂ ಕಂಡಿರಬೇಕು. ಅವರು ರಿಜಿಸ್ಟರನ್ನು ನನ್ನ ಕೈಗೆ ಹಾಕಿ, "ತಿಂಗಳ ಕೊನೇಲಿ ಮೃಗಾಲಯದ ವ್ಯಾನು ಬರುತ್ತೆ. ಅಷ್ಟರಲ್ಲಿ ಮರಿ ಕಾಣದಿದ್ರೆ ಹಕ್ಕಿಗಳ ಜೊತೆ ನಿಮ್ಮ ವರದಿನೂ ಹೋಗುತ್ತೆ," ಎಂದು ಜೀಪು ಹತ್ತಿದರು.

ಅಲ್ಲಿಂದ ಒಂದೊಂದು ದಿನವೂ ಭಾರವಾಯಿತು. ಲೆಕ್ಕದ ಪ್ರಕಾರ ಮರಿ ಒಡೆಯಬೇಕಾದ ದಿನ ಬಂತು, ಹೋಯಿತು. ಒಳಗಿನಿಂದ ಸದ್ದಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಕೊಳವೆಗೆ ಕಡಲೆ ಹಾಕಲು ಹೋದ ಗಾರ್ಡ್ ಸಾಹೇಬರು ದವಾಖಾನೆಗೆ ಓಡಿ ಬಂದರು. ನಾನು ಒಂದು ಹೋರಿಯ ಗೊರಸು ಕೆರೆಯುತ್ತಿದ್ದೆ.

"ಸಾಬ್, ಗಂಡು ಕಾಳು ಬಿಡವಲ್ದು! ಹಾಕಿದಷ್ಟು ತಿಂತೈತಿ, ದಿಮ್ಮ್ಯಾಗ ಹೋಗ್ತೈತಿ, ಮತ್ತ ಬರ್ತೈತಿ."

ಕೈಯಲ್ಲಿದ್ದ ಚೂರಿಯನ್ನು ಅಲ್ಲೇ ಬಿಟ್ಟು ಹೋದೆ. ದಿಮ್ಮಿಯ ಬೆನ್ನು ಹಿಂದಿನ ಜಾಲರಿಗೆ ತಾಗಿಕೊಂಡಿತ್ತಲ್ಲ, ಹೊರಗಿನಿಂದ ಅದಕ್ಕೆ ಕಿವಿಯಾನಿಸಿದೆ. ಮೊದಲು ನನ್ನ ಎದೆಬಡಿತವೇ ಕೇಳಿತು. ಆಮೇಲೆ ಒಳಗಿನಿಂದ ಸಣ್ಣದಾಗಿ, ಬೀಸುಕಲ್ಲಿನಲ್ಲಿ ಎರಡೇ ಕಾಳು ಸಿಕ್ಕ ಹಾಗೆ ಕಿರ್ ಕಿರ್ ಎಂದಿತು. ನಿಂತಿತು. ಮತ್ತೆ ಕಿರ್ ಎಂದಿತು. ಈ ಸಲ ಎರಡು ದನಿಗಳಿದ್ದವು. ಗಾರ್ಡ್ ಸಾಹೇಬರೂ ಕಿವಿ ಇಟ್ಟರು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಒಂದೇ ದಿಮ್ಮಿಗೆ ಕೆನ್ನೆ ಆನಿಸಿ ನಿಂತಿದ್ದೆವು. ನನಗೆ ಅಳು ಬಂತು. ಅವರು ನೋಡಿದರು, ನೋಡದ ಹಾಗೆ ಮಾಡಿದರು.

ಆಗಲೂ ಬಾಗಿಲು ತೆಗೆಯಲಿಲ್ಲ. ವ್ಯಾನು ಬರುವ ಮುನ್ನ ದೊಡ್ಡ ಸಾಹೇಬರನ್ನು ಕರೆಸಿ, ಟೋಪಿ ತೆಗೆಸಿ, ದಿಮ್ಮಿಗೆ ಕಿವಿ ಇಡಿಸಿದೆ. ಅವರು ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. "ವ್ಯಾನು ಬೇಡ ಅಂತ ಇವತ್ತೇ ಟೆಲಿಗ್ರಾಂ ಕೊಡ್ತೀನಿ," ಎಂದರು. ವರದಿಯ ಮಾತು ಎತ್ತಲಿಲ್ಲ.

ಏಳು ವಾರಗಳಿಗೆ ಎರಡು ಮರಿಗಳು ದಿಮ್ಮಿಯ ಬಾಯಿಗೆ ಬಂದು ಲೋಕ ನೋಡಿದವು. ಮೂರನೆಯ ಮೊಟ್ಟೆ ಒಡೆದಿರಲಿಕ್ಕಿಲ್ಲ. ಬೇಸಿಗೆ ಪೂರ್ತಿ ಅವು ಜಾಲರಿ ಮನೆಯ ಉದ್ದಕ್ಕೆ ಹಾರಿ ಬಲಿತವು. ಅವುಗಳ ಹತ್ತಿರ ಯಾರೂ ಮಾತಾಡಬಾರದು, ಕೈಯಿಂದ ಏನೂ ಕೊಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ. ಬಾಗಿಲನ್ನು ಒಮ್ಮೆಯೂ ಎತ್ತಲಿಲ್ಲ. ಮಳೆಗಾಲದಲ್ಲಿ ಬಸರಿ ಹಣ್ಣಾದಾಗ ಬೆಟ್ಟದ ಆ ಐದು ಮುದಿ ಗಿಣಿಗಳು ಬಂದು ಜಾಲರಿಯ ಸೂರಿನ ಮೇಲೆ ಕೂತು ಒಳಗಿನವರೊಡನೆ ಮಾತಿಗೆ ತೊಡಗಿದವು. ಇನ್ನು ಗಂಡನ್ನೂ ಮರಿಗಳನ್ನೂ ಬಿಡಬಹುದು, ಪಕ್ಕದ ಪಾಲುಗಳಲ್ಲಿ ಜೋಡಿಯಾಗದೆ ಉಳಿದ ಐದರ ಮಾತು ಆಮೇಲೆ ಎಂದುಕೊಂಡೆವು. ಬಿಡುವ ದಿನಕ್ಕೆ ಹುಲಿಗಿಗೆ ಹೇಳಿ ಕಳಿಸಿದೆ. ಆಕೆ ಮೊದಲ ಬಸ್ಸಿಗೇ ಬಂದಳು.

ತಂತಿ ಬಿಚ್ಚಿ, ಹೊರಬಾಗಿಲು ತೆರೆದಿಟ್ಟು, ಒಳಬಾಗಿಲು ಎತ್ತಿದೆ. ಗ್ರೀಸು ಕಾಣದ ತಗಡು ಎಂದಿಗಿಂತ ಜೋರಾಗಿ ಕರ್ರೆಂದಿತು. ಬೆರಳಿಲ್ಲದ ಗಂಡು ಒಂದು ಸಲ ಕೂಗಿ, ಬಾಣದ ಹಾಗೆ ಎರಡೂ ಬಾಗಿಲು ದಾಟಿ ಹೋಗಿ ಬಸರಿ ಮರದ ತುದಿಗೆ ಕೂತು ಕರೆಯತೊಡಗಿದ. ಮರಿಗಳು ಬರಲಿಲ್ಲ. ಮರ ಕಾಣುವುದು ಹಿಂದಿನ ಜಾಲರಿಯ ಕಡೆ, ಬಾಗಿಲು ಇರುವುದು ಮುಂದೆ. ಎರಡೂ ಹಿಂದಿನ ಜಾಲರಿಗೆ ಜೋತುಬಿದ್ದು, ಅಪ್ಪನ ಕಡೆ ಮುಖ ಮಾಡಿ, ತಂತಿ ಕಚ್ಚಿ ಕಚ್ಚಿ ಕಿರುಚಿದವು. ಬಾಗಿಲು ಅಂದರೆ ಏನೆಂದೇ ಅವಕ್ಕೆ ಗೊತ್ತಿರಲಿಲ್ಲ. ಅವು ಹುಟ್ಟಿದಾಗಿನಿಂದ ನಾವು ಅದನ್ನು ತೆಗೆದೇ ಇರಲಿಲ್ಲ. ಒಂದು ಮರಿಯ ಕೊಕ್ಕಿನಲ್ಲಿ ರಕ್ತ ಬಂತು. ಒಳಗೆ ಹೋಗಿ ಅಟ್ಟೋಣವೇ ಎಂದು ಗಾರ್ಡ್ ಸಾಹೇಬರು ಕೇಳಿದರು. ಬೆದರಿ ರೆಕ್ಕೆ ಮುರಿದುಕೊಂಡರೆ ಎಂದು ನನಗೆ ಭಯ.

ಆಗ ಚೀಟಿ ದಿಮ್ಮಿಯಿಂದ ಇಳಿಯಿತು. ಗಂಭೀರವಾಗಿ ನಡೆದು ಬಾಗಿಲು ದಾಟಿ, ಪಡಸಾಲೆ ದಾಟಿ, ಅಂಗಳಕ್ಕೆ ಬಂದು, ಒಂದು ಬಸರಿ ಎಲೆ ಎತ್ತಿ ಆಕೆಯ ಪಾದದ ಬಳಿ ಇಟ್ಟಿತು. ಆಕೆ ಕಾಳು ಕೊಟ್ಟು, ಚೌಕಟ್ಟಿಗೆ ಎರಡು ಸಲ ಬಡಿದಳು. ಹಕ್ಕಿ ಒಳಗೆ ಹೋಯಿತು. ಆಕೆ ಹಗ್ಗ ಹಿಡಿದು ಬಾಗಿಲನ್ನು ಅರ್ಧ ಇಳಿಸಿ ಮತ್ತೆ ಎತ್ತಿದಳು. ಚೀಟಿ ಮತ್ತೆ ಬಂದಿತು. ಕಾಳು, ಟಕ್ ಟಕ್, ಒಳಗೆ. ಮರಿಗಳ ಕಿರುಚಾಟ ನಿಂತಿತು. ಅವು ಜಾಲರಿ ಬಿಟ್ಟು ಅಡ್ಡಕೋಲಿಗೆ ಬಂದು, ತಾಯಿ ಹೋಗುವುದನ್ನೂ ಬರುವುದನ್ನೂ ಕತ್ತು ಓರೆ ಮಾಡಿ ನೋಡಿದವು. ಮೂರನೆಯ ಸಲ ಅದು ಹೊರಟಾಗ ಎರಡೂ ನೆಲಕ್ಕಿಳಿದು, ತಾಯಿಯ ಹಿಂದೆ ಒಂದರ ಹಿಂದೊಂದು ನಡೆದುಕೊಂಡೇ ಬಂದವು. ಅಂಗಳದ ಬಿಸಿಲಿಗೆ ಬಂದ ಮೇಲೆ ತಲೆ ಎತ್ತಿದವು. ಅಪ್ಪ ಕೂಗಿದ. ಮೊದಲು ಒಂದು, ಅದರ ಹಿಂದೆ ಇನ್ನೊಂದು ಎದ್ದವು. ಮರ ಮುಟ್ಟುವವರೆಗೆ ನಾವು ಮೂವರೂ ಉಸಿರು ಬಿಡಲಿಲ್ಲ.

ಕಣ್ಣು ಕೆಳಗಿಳಿಸಿದಾಗ ಚೀಟಿ ನನ್ನ ಚಪ್ಪಲಿಯ ಮುಂದೆ ನಿಂತಿತ್ತು. ಎಲೆಯ ಚೂರೊಂದನ್ನು ಇಟ್ಟು, ನನ್ನನ್ನೇ ನೋಡುತ್ತಿತ್ತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಜೋಳಿಗೆಯಿಂದ ಒಂದು ಕಾಳು ತೆಗೆದು ನನ್ನ ಕೈಗೆ ಹಾಕಿದಳು.

"ಈ ಸಲ ನಿಮ್ಮ ಪಾಳಿ ಐತ್ರೀ ಯಪ್ಪಾ. ಕೊಡ್ರಿ."

ಕೊಟ್ಟೆ. ಸುಲಿದು ತಿಂದಿತು. ಚೌಕಟ್ಟಿಗೆ ಎರಡು ಸಲ ಬಡಿದೆ. ಅದು ತಿರುಗಿ, ಬಂದ ದಾರಿಯಲ್ಲೇ ಒಳಗೆ ನಡೆದು ಹೋಯಿತು.

ಆ ದಿನದ ಷರಾದಲ್ಲಿ ಬರೆದೆ: ಈ ದಿನ ಬಾಗಿಲು ತೆರೆದೆವು. ಮೂರು ಹೊರಗೆ ಹೋದವು. ಒಂದು ಒಳಗೆ ಬಂತು.